ಅದ್ರಾಮಾಕನ ಬೇಸ್‌ಬಾಲೂ ನನ್ನ ಕೋಟಿನ ಕಾಲರೂ

ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೇ ಸ್ಪಷ್ಟವಾಗಿ ಬಯ್ಯಬಲ್ಲವರನ್ನು ನಾನು ನೋಡಿದ್ದು ಒಬ್ಬರನ್ನೇ, ಅದ್ರಾಮಾಕನನ್ನು. ಗಿರಾಕಿಯ ಪ್ಯಾಂಟಿನ ಅಂಚು ಮಡಚಿ, ನೆಲಕ್ಕೆ ಮೊಣಕಾಲೂರಿ ಕೂತು, ತುಟಿಯ ಸಂದಿಯಿಂದ ಒಂದೊಂದೇ ಸೂಜಿ ತೆಗೆದು ಚುಚ್ಚುತ್ತ ಅವರು ಬಯ್ಯುತ್ತಿದ್ದುದು ಗಿರಾಕಿಯನ್ನಲ್ಲ, ಮಾಲೀಕನನ್ನಲ್ಲ, ಊರಲ್ಲಿದ್ದ ಅಳಿಯನನ್ನೂ ಅಲ್ಲ. ದೂರದ ಅಮೆರಿಕದಲ್ಲಿ ಬೇಸ್‌ಬಾಲ್ ಆಟಕ್ಕೆ ನಿಯಮ ಬರೆಯುವವರನ್ನು. ಒಂದು ಸೂಜಿಯೂ ಕೆಳಗೆ ಬೀಳುತ್ತಿರಲಿಲ್ಲ. ಒಂದು ಬೈಗುಳವೂ ಗುರಿ ತಪ್ಪುತ್ತಿರಲಿಲ್ಲ. ಗುರಿಗೆ ಮಾತ್ರ ಅದು ಎಂದೂ ಕೇಳಿಸಲಿಲ್ಲ.

ಬಹ್ರೈನಿನ ಗುದೈಬಿಯಾದಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಅವರು ಕೆಲಸ ಮಾಡುತ್ತಿದ್ದ ಟೈಲರ್ ಅಂಗಡಿ. ಅಂಗಡಿ ಒಬ್ಬ ಬಹ್ರೈನಿಯದು. ಆದರೆ ಗಲ್ಲಿಯವರೆಲ್ಲ ಅದನ್ನು ಅದ್ರಾಮಾಕನ ಅಂಗಡಿ ಎಂದೇ ಕರೆಯುತ್ತಿದ್ದರು, ಕೊನೆಕೊನೆಗೆ ಮಾಲೀಕನೂ. ಪಾಸ್‌ಪೋರ್ಟಿನಲ್ಲಿ ಅವರ ಹೆಸರು ಅಬ್ದುಲ್ ರಹಿಮಾನ್. ಅವರ ಊರು ದೇರಳಕಟ್ಟೆಯ ಬ್ಯಾರಿ ಮುಸ್ಲಿಮರು ಅದನ್ನು ಅದ್ರಾಮ ಎಂದು ಗಿಡ್ಡ ಮಾಡಿ, ವಯಸ್ಸಾಗುತ್ತ ಬಂದ ಹಾಗೆ ಅಣ್ಣ ಎನ್ನುವ ಅರ್ಥದ 'ಕಾಕ' ಸೇರಿಸಿ ಪುನಃ ಉದ್ದ ಮಾಡಿದ್ದರು. ಮಂಗಳೂರಿನ ಕ್ರಿಶ್ಚಿಯನ್ನರಾದ ನಾವೂ ಹಾಗೆಯೇ ಕರೆದೆವು. ಅವರಿಗೆ ನಾನು ಬಾಯಮ್ಮ. ಸಲ್ಮಾನಿಯಾ ಕಡೆ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ನನ್ನ ಗಂಡ ರಿಚರ್ಡ್, ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ನಮ್ಮ ಊರಿನ ರೂಢಿಯ ಹಾಗೆ, ಪೊರ್ಬುಗಳು.

ಬ್ಯಾರಿಗೆ ಬೇಸ್‌ಬಾಲ್ ಎಲ್ಲಿಂದ ಅಂಟಿತು ಎಂದು ಹೊಸಬರು ಕೇಳುವುದಿತ್ತು. ಪಕ್ಕದ ಜುಫೇರಿನಲ್ಲಿ ಅಮೆರಿಕದ ನೌಕಾಪಡೆಯ ಹುಡುಗರಿದ್ದಾರೆ. ಪ್ಯಾಂಟು ಗಿಡ್ಡ ಮಾಡಿಸಲು, ಅಂಗಿಗೆ ಹೆಸರಿನ ಪಟ್ಟಿ ಹೊಲಿಸಲು ಅವರು ಗುದೈಬಿಯಾಕ್ಕೆ ಬರುತ್ತಾರೆ. ಹಾಗೆ ಬಂದ ಒಬ್ಬ ಎತ್ತರದ ಹುಡುಗ ಕಾಯುವ ಹೊತ್ತಿನಲ್ಲಿ ತನ್ನ ಫೋನಿನಲ್ಲಿ ಆಟ ತೋರಿಸಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು ಕಲಿಸಿದನಂತೆ. ಹುಡುಗನಿಗೆ ವರ್ಗವಾಯಿತು, ಆಟ ಅಂಗಡಿಯಲ್ಲೇ ಉಳಿಯಿತು. ಅಮೆರಿಕದ ಪಶ್ಚಿಮ ತೀರದಲ್ಲಿ ಸಂಜೆಯಾಗುವಾಗ ಇಲ್ಲಿ ಬೆಳಗಾಗುತ್ತದೆ. ನಸುಕಿನ ಸುಬಹಿ ನಮಾಜು ಮುಗಿಸಿ, ಶಟರನ್ನು ಅರ್ಧ ಎತ್ತಿ, ನೂಲುಂಡೆಯ ಡಬ್ಬಕ್ಕೆ ಫೋನು ಆನಿಸಿಟ್ಟು, ಸುಲೈಮಾನಿ ಚಾ ಹೀರುತ್ತ ಅವರು ಆಟ ನೋಡುವರು. ತಂಡದ ಹೆಸರನ್ನು ಅವರು ಹೇಳಿದ್ದು ನನಗೆ ನೆನಪಿಲ್ಲ. 'ನಮ್ಮವರು' ಎನ್ನುತ್ತಿದ್ದರು. ನಮ್ಮವರು ಗೆದ್ದ ದಿನ ನನ್ನ ಸೀರೆಗೆ ಫಾಲ್ ಬೇಗ ಸಿಗುತ್ತಿತ್ತು.

ಒಂದು ದಿನ ನನಗೂ ಪಾಠವಾಯಿತು.

"ಸುಲಭ ಉಂಟು ಬಾಯಮ್ಮ. ಒಂಬತ್ತು ಜನ. ಒಂಬತ್ತೂ ಜನ ಮೈದಾನದಲ್ಲಿ ನಿಂತು ಚೆಂಡು ಹಿಡೀಬೇಕು, ಒಂಬತ್ತೂ ಜನ ಬ್ಯಾಟ್ ಬೀಸ್ಬೇಕು. ಒಬ್ಬನನ್ನು ಹೊರಗೆ ಕರೆದು ಬೇರೆಯವನನ್ನು ಹಾಕಿದ್ರೆ, ಹೊರಗೆ ಹೋದವ ಆ ಆಟದಲ್ಲಿ ಮತ್ತೆ ಒಳಗೆ ಬರ್ಲಿಕ್ಕಿಲ್ಲ. ಕಾಲಿಗೆ ಬಿದ್ರೂ ಇಲ್ಲ. ಇಷ್ಟೇ ಆಟ."

"ಮತ್ತೆ ನೀವು ಬಯ್ಯುದು ಯಾರಿಗೆ?"

"ಡಿ.ಎಚ್.ಗೆ!" ಎಂದು ಅವರು ಸೂಜಿಗಳನ್ನು ಪಿಂಗಾಣಿಯ ಬಟ್ಟಲಿಗೆ ಉಗಿದರು. ಅಷ್ಟು ಸಿಟ್ಟು ಬಂದಾಗ ಮಾತ್ರ ಸೂಜಿ ಬಾಯಿಂದ ಹೊರಗೆ.

ಡಿ.ಎಚ್. ಎಂದರೆ ಡೆಸಿಗ್ನೇಟೆಡ್ ಹಿಟರ್, ಬದಲಿ ಬ್ಯಾಟುಗಾರ. ಚೆಂಡು ಎಸೆಯುವವನಿಗೆ ಸಾಮಾನ್ಯವಾಗಿ ಬ್ಯಾಟು ಬರುವುದಿಲ್ಲ. ಹಾಗಾಗಿ ಅವನ ಸರದಿಯಲ್ಲಿ ಬ್ಯಾಟು ಮಾಡಲೆಂದೇ ಇನ್ನೊಬ್ಬನನ್ನು ಇಟ್ಟುಕೊಳ್ಳಬಹುದು. ಆ ಇನ್ನೊಬ್ಬ ಮೈದಾನಕ್ಕೆ ಇಳಿಯುವುದೇ ಬೇಡ. ಮೊದಲು ಅಮೆರಿಕದ ಎರಡು ದೊಡ್ಡ ಲೀಗುಗಳಲ್ಲಿ ಒಂದಕ್ಕೆ ಮಾತ್ರ ಈ ನಿಯಮವಿತ್ತು. ನಮ್ಮವರು ಇದ್ದದ್ದು ಇನ್ನೊಂದರಲ್ಲಿ. ಕೆಲವು ವರ್ಷಗಳ ಹಿಂದೆ ಅಲ್ಲಿಗೂ ಬಂತು. ಸುದ್ದಿ ತಿಳಿದ ದಿನ ಅಂಗಡಿಯ ಶಟರು ಹಗಲಿಡೀ ಅರ್ಧಕ್ಕೇ ನಿಂತಿತ್ತು. ಊರಲ್ಲಿ ಯಾರೋ ತೀರಿಕೊಂಡಿರಬೇಕೆಂದು ಎದುರಿನ ಕೆಫೆಟೇರಿಯಾದ ಮಲಯಾಳಿ ಚಾ ಕಳುಹಿಸಿ ಸಂತಾಪ ಹೇಳಿದ. ಅದ್ರಾಮಾಕ ಚಾ ಕುಡಿದು, ಸಂತಾಪವನ್ನೂ ಸ್ವೀಕರಿಸಿದರು.

"ಬ್ಯಾಟ್ ಮಾತ್ರ ಬೀಸಿ ಬಂದು ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಜಗಿಯುದು. ಇದು ಎಂತ ಕೆಲಸ ಬಾಯಮ್ಮ? ಮದುವೆಗೆ ಬಂದು ಬಿರಿಯಾನಿ ಮಾತ್ರ ತಿಂದು ಹೋಗುವವರ ಹಾಗೆ."

ಅವರ ಸಿಟ್ಟಿಗೆ ಅಂಗಡಿಯಲ್ಲೇ ಬೇರಿತ್ತು. ಬೇರೆ ಟೈಲರುಗಳಲ್ಲಿ ಒಬ್ಬ ಕತ್ತರಿಸುತ್ತಾನೆ, ಒಬ್ಬ ಹೊಲಿಯುತ್ತಾನೆ, ಕಾಜ ಮತ್ತು ಗುಂಡಿಗೆ ಮತ್ತೊಬ್ಬ. ಅದ್ರಾಮಾಕನಲ್ಲಿ ಒಂದು ಬಟ್ಟೆಗೆ ಒಂದೇ ಕೈ. ಅಳತೆ ತೆಗೆದವನೇ ಇಸ್ತ್ರಿ ಹಾಕಿ ಕೊಡಬೇಕು. ಅವರ ಜೊತೆಗಿದ್ದ ಬಾಂಗ್ಲಾದ ಶಫೀಕನಿಗೂ ಇದೇ ಕಾನೂನು. ನಲವತ್ತರ ಹತ್ತಿರದ ಶಫೀಕ್ ಮಾತು ಕಡಿಮೆಯ ಮನುಷ್ಯ. ಬೇಸ್‌ಬಾಲಿನ ಬಗ್ಗೆ ಅವನ ಅಭಿಪ್ರಾಯ ಕೇಳಿದರೆ ಮಷಿನಿನ ಪೆಡಲು ಜೋರಾಗಿ ಒತ್ತುತ್ತಿದ್ದ.

ಈ ಕಾನೂನು ಎಷ್ಟು ಗಟ್ಟಿ ಎಂದು ನನ್ನ ಕೋಟಿಗೆ ಗೊತ್ತು.

ಜನವರಿಯಲ್ಲಿ ಇಲ್ಲಿ ಸಮುದ್ರದಿಂದ ಚುರುಕು ಗಾಳಿ ಬರುತ್ತದೆ. ಆಫೀಸಿಗೆ ಹಾಕಿಕೊಳ್ಳಲು ಒಂದು ನೀಲಿ ಕೋಟು ಹೊಲಿಯಲು ಕೊಟ್ಟಿದ್ದೆ. ಮೈ, ತೋಳು ಎಲ್ಲ ಮುಗಿದು ಕಾಲರು ಬಾಕಿ ಇರುವಾಗ ಅದ್ರಾಮಾಕನಿಗೆ ಜ್ವರ ಬಂತು. ನನ್ನ ಅವಸರ ನೋಡಿ ಮಾಲೀಕ ಶಫೀಕನ ಕೈಯಲ್ಲಿ ಕಾಲರು ಹಾಕಿಸಿದ. ಎಡಗಡೆ ಒಂದು ಚೂರು ಮೇಲೆ ಹೋಯಿತು. ಚೂರೇ, ಆದರೆ ಕನ್ನಡಿಯ ಮುಂದೆ ನಿಂತರೆ ನಾನೇ ಯಾವಾಗಲೂ ಎಡಕ್ಕೆ ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕಾಣುತ್ತಿತ್ತು. ಜ್ವರ ಬಿಟ್ಟು ಅದ್ರಾಮಾಕ ಬಂದದ್ದೇ ಕೋಟು ತಗೊಂಡು ಕೆಳಗೆ ಹೋದೆ.

ಅವರು ಕಾಲರನ್ನು ಬೆರಳಲ್ಲಿ ಸವರಿದರು. ಮುಖ ಹುಳಿಯಾಯಿತು. "ಶಫೀಕ್ ಹಾಕಿದ್ದಾ?"

"ಹೌದು. ಬಿಚ್ಚಿ ಸರಿ ಮಾಡಿ ಕೊಡಿ ಅದ್ರಾಮಾಕ."

"ಹೇಗೆ ಮಾಡುದು ಬಾಯಮ್ಮ? ನಾನು ಹೊರಗೆ ಹೋದೆ, ಅವ ಒಳಗೆ ಬಂದ. ಇನ್ನು ಈ ಕೋಟಿಗೆ ನಾನು ಬರ್ಲಿಕ್ಕಿಲ್ಲ."

"ಇದು ಕೋಟು ಮಾರಾಯ್ರೆ, ಮ್ಯಾಚ್ ಅಲ್ಲ!"

"ರೂಲ್ಸ್ ಒಂದು ಕಡೆ ಬಿಟ್ರೆ ಎಲ್ಲ ಕಡೆ ಬಿಟ್ಟ ಹಾಗೆ," ಎಂದು ಕೋಟನ್ನು ನೀಟಾಗಿ ಮಡಚಿ, ಚೀಲಕ್ಕೆ ಹಾಕಿ, ನನ್ನ ಕೈಗಿಟ್ಟರು. ಶಫೀಕನನ್ನು ಕೇಳಿದರೆ ಅವನು "ಚಾಚಾ ನಾರಾಜ್ ಹೋಗಾ", ಅವರಿಗೆ ಬೇಜಾರಾಗುತ್ತದೆ, ಎಂದು ತಲೆಯಾಡಿಸಿದ. ಬೇರೆ ಟೈಲರಿನ ಹತ್ತಿರ ಕೊಂಡುಹೋಗಲು ನನಗೆ ಧೈರ್ಯವಾಗಲಿಲ್ಲ. ಅವರ ಅಂಗಡಿಯ ಮುಂದಿನಿಂದಲೇ ಹೋಗಬೇಕಲ್ಲ. ಕೋಟು ಕಪಾಟು ಸೇರಿತು.

ಡಿ.ಎಚ್. ಪರ ವಾದಿಸುವವರು ಗುದೈಬಿಯಾದಲ್ಲಿ ಒಬ್ಬರೇ ಇದ್ದರು, ನನ್ನ ಗಂಡ. ರಿಚರ್ಡನಿಗೆ ಬೇಸ್‌ಬಾಲಿನಲ್ಲಿ ಆಸಕ್ತಿ ಇತ್ತೆಂದು ಹೇಳಲಾರೆ. ಅದ್ರಾಮಾಕ ಯಾವುದನ್ನು ಬೇಡ ಎನ್ನುತ್ತಾರೋ ಅದು ಬೇಕು ಎನ್ನುವುದರಲ್ಲಿ ಅವನಿಗೆ ಆಸಕ್ತಿ ಇತ್ತು. ಶುಕ್ರವಾರ ಸಂಜೆ ಅಂಗಡಿಯ ಮುಂದೆ ಎರಡು ಪ್ಲಾಸ್ಟಿಕ್ ಸ್ಟೂಲು ಬೀಳುತ್ತಿದ್ದವು. ನಾನು ತರಕಾರಿ ತಗೊಂಡು ಬರುವಾಗ ವಾದ ಅರ್ಧ ದಾರಿಯಲ್ಲಿರುತ್ತಿತ್ತು.

"ಬಾಲ್ ಎಸೆಯುವವ ಬ್ಯಾಟ್ ಹಿಡಿದು ನಿಂತ್ರೆ ಜನ ಎದ್ದು ಚಾ ಕುಡೀಲಿಕ್ಕೆ ಹೋಗ್ತಾರೆ ಅದ್ರಾಮಾಕ. ನಾನು ಎಕ್ಸ್‌ರೇ ತೆಗೀತೇನೆ, ಮೂಳೆ ಡಾಕ್ಟ್ರು ಕೂಡಿಸ್ತಾರೆ. ಎರಡೂ ನಾನೇ ಮಾಡ್ಬೇಕು ಅಂದ್ರೆ ನಿಮ್ಮ ಕೈ ಕಾಲು ಎಂತ ಆಗ್ತಿತ್ತು?"

"ಅದಕ್ಕೇ ಒಂದು ಕೈ ಮುರಿದ್ರೆ ಹತ್ತು ಬಾಗಿಲು ತಟ್ಟುದು ಪೊರ್ಬುಗಳೇ. ನಮ್ಮ ಊರಿನ ನಾಟಿ ವೈದ್ಯರು ನೋಡುದೂ ಅವರೇ, ಕಟ್ಟುದೂ ಅವರೇ."

"ಸೊಟ್ಟ ಕಟ್ಟುದೂ ಅವರೇ."

"ಸೊಟ್ಟ ಆದ್ರೂ ಯಾರು ಮಾಡಿದ್ದು ಅಂತ ಗೊತ್ತಿರ್ತದಲ್ಲ!"

ಒಮ್ಮೆ ರಿಚರ್ಡ್ ಸ್ವರ ಇಳಿಸಿ ಕೇಳಿದ: "ಒಬ್ಬ ವಯಸ್ಸಾದ ಬ್ಯಾಟ್ಸ್‌ಮನ್ ಇದ್ದಾನೆ ಅಂತ ಇಟ್ಟುಕೊಳ್ಳಿ. ಓಡ್ಲಿಕ್ಕೆ ಮಂಡಿ ಇಲ್ಲ. ಆದ್ರೆ ಬೀಸ್ಲಿಕ್ಕೆ ಕೈ ಉಂಟು. ಡಿ.ಎಚ್. ಇದ್ರೆ ಅವ ಇನ್ನೆರಡು ವರ್ಷ ಆಡ್ತಾನೆ. ಇಲ್ಲದಿದ್ರೆ ಮನೆಗೆ. ಕಳಿಸ್ತೀರಾ ಅವನನ್ನು?"

"ಕಳಿಸ್ತೇನೆ."

"ಪಾಪ ಅಲ್ವಾ?"

"ಆಟ ಧರ್ಮಛತ್ರ ಅಲ್ಲ ಪೊರ್ಬುಗಳೇ."

ಅಮೆರಿಕದ ಯಾವುದೋ ಸಣ್ಣ ಲೀಗಿನಲ್ಲಿ ಮಧ್ಯದ ದಾರಿಯೊಂದನ್ನು ಪ್ರಯೋಗ ಮಾಡಿದ್ದನ್ನೂ ರಿಚರ್ಡ್ ಎಲ್ಲೋ ಓದಿ ತಂದ. ಡಿ.ಎಚ್. ಇರಲಿ, ಆದರೆ ಆಟದ ಮೊದಲಿಗೆ ಚೆಂಡು ಎಸೆಯಲು ನಿಂತವನನ್ನು ಹೊರಗೆ ಕರೆದ ಕೂಡಲೇ ಡಿ.ಎಚ್. ಕೂಡ ಹೊರಗೆ ಹೋಗಬೇಕು. ಇಬ್ಬರಿಗೂ ಒಂದೇ ಗಂಟು. ಅದ್ರಾಮಾಕ ಅದನ್ನು ನಿಂತಲ್ಲೇ ತಳ್ಳಿಹಾಕಿದರು. "ಅರ್ಧ ಹಲಾಲ್ ಅಂತ ಒಂದು ಉಂಟಾ?"

ಆ ವರ್ಷದ ಸೆಕೆಗಾಲದಲ್ಲಿ, ನಲ್ಲಿಯಲ್ಲಿ ತಣ್ಣೀರೂ ಕುದಿಯುತ್ತ ಬರುವ ದಿನಗಳಲ್ಲಿ, ಒಬ್ಬ ನಾವಿಕ ತನ್ನ ಪ್ಯಾಂಟು ವಾಪಸು ತಂದ. ಕಡುನೀಲಿ ಬಟ್ಟೆಗೆ ಕಪ್ಪು ನೂಲು ಬಿದ್ದಿತ್ತು. ಅದ್ರಾಮಾಕ ಟ್ಯೂಬ್‌ಲೈಟನ್ನು ಬಯ್ದರು. ಮಾಲೀಕ ಹೊಸ ಬಲ್ಬು ಹಾಕಿಸಿದ. ನನ್ನ ರವಿಕೆಯ ಕಾಜವೊಂದು ಗುಂಡಿಯ ಎದುರಿಗೆ ಬರುವುದು ಬಿಟ್ಟು ಒಂದು ಇಂಚು ಕೆಳಗೆ ಬಂತು. ಅವರು ಹೊಸ ಬಲ್ಬನ್ನು ಬಯ್ದರು. ಕೊನೆಗೆ ರಿಚರ್ಡನೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದಿತ್ತು. ಇರುವಷ್ಟು ದೃಷ್ಟಿಯನ್ನು ಉಳಿಸಿಕೊಳ್ಳಬಹುದು, ಹೋದದ್ದು ಕನ್ನಡಕಕ್ಕೂ ಸಿಗುವುದಿಲ್ಲ ಎಂದರಂತೆ.

ಒಂದು ಶುಕ್ರವಾರ ಮಧ್ಯಾಹ್ನ, ಜುಮ್ಮಾ ಮುಗಿಸಿ, ಕರೆಯದೆಯೇ ಅವರು ನಮ್ಮ ಮನೆಗೆ ಬಂದರು. ಅದಕ್ಕಿಂತ ಮೊದಲು ಹಬ್ಬಕ್ಕಲ್ಲದೆ ಮೇಲೆ ಬಂದವರಲ್ಲ. ನಾನು ಅಡುಗೆಮನೆಯಲ್ಲಿ ನೀರುದೋಸೆ ಹುಯ್ಯುತ್ತಿದ್ದೆ. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತರು, ಟೋಪಿ ತೆಗೆದು ಮಂಡಿಯ ಮೇಲಿಟ್ಟರು.

"ಅರ್ಬಾಬ್ ಎಂತ ಹೇಳಿದ್ರು ಗೊತ್ತುಂಟಾ ಬಾಯಮ್ಮ?" ಅರ್ಬಾಬ್ ಎಂದರೆ ಮಾಲೀಕ. "ಕೈಂಚಿ ತುಮಾರಾ, ಮಷಿನ್ ಶಫೀಕ್ ಕಾ, ಖಲಾಸ್. ನಾನು ಅಳತೆ ತೆಗೆದು ಕಟಿಂಗ್ ಮಾತ್ರ ಮಾಡುದಂತೆ. ಮತ್ತೆ ಬೆಂಚಿನಲ್ಲಿ ಕೂರುದಂತೆ." ಮಂಡಿಯ ಮೇಲಿನ ಟೋಪಿಯನ್ನು ತಿರುಗಿಸುತ್ತ, "ನನ್ನನ್ನು ಡಿ.ಎಚ್. ಮಾಡ್ತಾರಂತೆ," ಎಂದರು.

ರಿಚರ್ಡ್ ಒಳಗಿಂದ ಬಂದ. ಹೇಳಬಹುದಾದ ಮಾತುಗಳೆಲ್ಲ ಅವನ ಬಾಯಲ್ಲಿ ಸಾಲಾಗಿ ನಿಂತದ್ದು ನನಗೆ ಕಂಡಿತು. ಕಣ್ಣಲ್ಲೇ ಹೆದರಿಸಿದೆ. ಅವನು ಹೇಳಿದ್ದು ಒಂದೇ: "ಒಪ್ಪಿಕೊಳ್ಳಿ ಅದ್ರಾಮಾಕ."

"ಒಪ್ಪದಿದ್ರೆ?"

"ಊರಿಗೆ ಹೋಗಿ. ಮಗಳು ಕರೀತಾ ಇದ್ದಾಳಲ್ಲ."

"ಮಗಳು ಒಳ್ಳೆಯವಳು. ಅಳಿಯ ಅವಳಿಗಿಂತ ಒಳ್ಳೆಯವ. ಜಗಲಿಯಲ್ಲಿ ನನಗೆ ಅಂತ ಒಂದು ಕುರ್ಚಿ ಕೂಡ ತಂದಿಟ್ಟಿದ್ದಾನೆ, ಫೋಟೋ ಕಳಿಸಿದ್ದಾನೆ." ಅವರು ನನ್ನ ಕಾವಲಿಯನ್ನೇ ನೋಡುತ್ತಿದ್ದರು. "ಆ ಕುರ್ಚಿ ನೋಡಿ ನಿದ್ದೆ ಬರ್ಲಿಲ್ಲ ಪೊರ್ಬುಗಳೇ. ಅದರಲ್ಲಿ ಕೂತ್ರೆ ಫೀಲ್ಡೂ ಇಲ್ಲ, ಬ್ಯಾಟೂ ಇಲ್ಲ. ಇಲ್ಲಿ ಕತ್ತರಿಯಾದ್ರೂ ಉಂಟು."

ದೋಸೆ ತಿಂದರು, ಮೂರನೆಯದಕ್ಕೆ ಬೇಡ ಎನ್ನಲಿಲ್ಲ. ಕೈ ತೊಳೆದು ಬಂದಾಗ ಮುಖದಲ್ಲಿ ಬೇರೆಯೇ ಕಳೆ.

"ಪೊರ್ಬುಗಳೇ, ಆ ಸಣ್ಣ ಲೀಗಿನ ರೂಲ್ ಒಂದು ಉಂಟಲ್ಲ, ಇಬ್ಬರಿಗೂ ಒಂದೇ ಗಂಟು. ಅದು ಎಂತ ಹೇಳಿ ಪುನಃ?"

ರಿಚರ್ಡ್ ಹೇಳಿದ.

"ಅದರಲ್ಲಿ ಮರ್ಯಾದೆ ಉಂಟು," ಎಂದರು ಅದ್ರಾಮಾಕ. "ಡಿ.ಎಚ್. ಆದವ ಸುಮ್ಮನೆ ಉಣ್ಣುದಲ್ಲ. ಅವನ ಅನ್ನ ಇನ್ನೊಬ್ಬನ ಕೈಗೆ ಕಟ್ಟಿದ್ದು. ಅವ ಎದ್ರೆ ಇವನೂ ಏಳ್ಬೇಕು."

ಮರುದಿನ ಮಾಲೀಕನ ಮುಂದೆ ತಮ್ಮ ಷರತ್ತು ಇಟ್ಟರು: ಶಫೀಕ್ ಮಷಿನಿನಲ್ಲಿ ಇರುವವರೆಗೆ ನಾನು ಕತ್ತರಿ ಹಿಡಿಯುತ್ತೇನೆ, ಅವನು ಎದ್ದ ದಿನ ನಾನೂ ಏಳುತ್ತೇನೆ. ಮಾಲೀಕನಿಗೆ ಬೇಸ್‌ಬಾಲೂ ತಿಳಿಯಲಿಲ್ಲ, ಷರತ್ತೂ ತಿಳಿಯಲಿಲ್ಲ. ಶಫೀಕ್ ಎಲ್ಲಿಗೆ ಹೋಗುತ್ತಾನೆ ಎಂದು ನಕ್ಕು ಒಪ್ಪಿಕೊಂಡ.

ಅಲ್ಲಿಂದ ಮುಂದೆ ಗುದೈಬಿಯಾದಲ್ಲಿ ಡಿ.ಎಚ್. ನಿಯಮಕ್ಕೆ ಅದ್ರಾಮಾಕನಷ್ಟು ದೊಡ್ಡ ವಕೀಲರು ಯಾರೂ ಇರಲಿಲ್ಲ. ನಾನು ದಾಕ್ಷಿಣ್ಯಕ್ಕೆ ಹೇಳುವುದಲ್ಲ, ಅವರ ಕಟಿಂಗು ಮೊದಲಿಗಿಂತ ಚೆಂದವಾಯಿತು. ಸೀಮೆಸುಣ್ಣದ ಗೆರೆ ದಪ್ಪವಾಗಿ ಎಳೆದು, ಬಟ್ಟೆಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡಿ, ಕತ್ತರಿಯನ್ನು ಒಂದೇ ಉಸಿರಿಗೆ ಓಡಿಸುವರು. ನಂತರ ಬೆಂಚು. ಬೆಂಚಿನಲ್ಲಿ ಅವರು ಸೂರ್ಯಕಾಂತಿ ಬೀಜ ಜಗಿಯುವುದನ್ನೂ ನಾನು ಕಂಡೆ. ಇಲ್ಲಿ ಕೋಲ್ಡ್ ಸ್ಟೋರು ಎಂದು ಕರೆಯುವ ಎಲ್ಲ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ.

"ಮೊದಲು ಬಯ್ತಾ ಇದ್ರಲ್ಲ?" ಎಂದರೆ, "ನಾನು ಬಯ್ದದ್ದು ದೊಡ್ಡ ಲೀಗಿನ ಡಿ.ಎಚ್.ಗೆ. ನಮ್ಮದು ಸಣ್ಣ ಲೀಗ್. ನಮ್ಮದರಲ್ಲಿ ಗಂಟು ಉಂಟು," ಎನ್ನುತ್ತಿದ್ದರು. ಅಮೆರಿಕದವರು ಈ ಗಂಟನ್ನು ದೊಡ್ಡ ಲೀಗಿಗೂ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ಹೊಸ ಮತ. ಹಳೆಯ ಶುದ್ಧಿಯನ್ನು ಬಿಡಬಾರದೆಂದು ಈಗ ವಾದಿಸುತ್ತಿದ್ದವನು ನನ್ನ ಗಂಡ. ಸ್ಟೂಲುಗಳು ಅವೇ, ಕೂತವರ ಮಾತು ಮಾತ್ರ ಅದಲುಬದಲು.

ಗಂಟು ಹಾಕಿದ ಮೇಲೆ ಶಫೀಕನ ಆರೋಗ್ಯದ ಬಗ್ಗೆ ಅದ್ರಾಮಾಕನಿಗೆ ಹುಟ್ಟಿದ ಕಾಳಜಿ ನೋಡುವ ಹಾಗಿತ್ತು. ಶಫೀಕ್ ಕೆಮ್ಮಿದರೆ ಶುಂಠಿ ಕಷಾಯ, ಸೀನಿದರೆ ಏ.ಸಿ. ಬಂದ್. ನಲವತ್ತಾದವನಿಗೆ "ರಸ್ತೆ ದಾಟುವಾಗ ನೋಡಿ ದಾಟು" ಎಂದು ಹಿಂದಿಯಲ್ಲಿ ಕೂಗುವರು. ಶಫೀಕ್ ಕಷಾಯ ಕುಡಿದು ಪೆಡಲು ಒತ್ತುತ್ತಿದ್ದ.

ಮೊನ್ನೆಯ ಚಳಿಗಾಲ ಶುರುವಾಗುವ ಮೊದಲು ಶಫೀಕ್ ಅವರ ಮುಂದೆ ಬಂದು ನಿಂತ. ಅವನ ಭಾವ ಸೌದಿಯಲ್ಲಿ ಸ್ವಂತ ಅಂಗಡಿ ಹಾಕಿದ್ದ, ಪಾಲಿಗೆ ಕರೆದಿದ್ದ. ಇಂಥ ಕರೆ ಎರಡನೇ ಸಲ ಬರುವುದಿಲ್ಲ. "ಚಾಚಾ, ಆಪ್ ನಾ ಬೋಲೇಂಗೇ ತೋ ನಹೀ ಜಾವೂಂಗಾ," ಎಂದ. ನೀವು ಬೇಡ ಎಂದರೆ ಹೋಗುವುದಿಲ್ಲ ಎಂದು. ನಾನು ಬಟ್ಟೆ ಇಸಕೊಳ್ಳಲು ಹೋದವಳು ಅಲ್ಲೇ ನಿಂತಿದ್ದೆ. ಮಷಿನು ನಿಂತಿತ್ತು, ಏ.ಸಿ.ಯ ನೀರು ಬಕೀಟಿಗೆ ತೊಟ್ಟಿಕ್ಕುವುದು ಕೇಳುತ್ತಿತ್ತು.

ಅದ್ರಾಮಾಕ ಬೀಜದ ಸಿಪ್ಪೆಯನ್ನು ಅಂಗೈಗೆ ಉಗಿದರು. "ಪಡಚ್ಚೋನೇ," ಎಂದು ದೇವರನ್ನು ಕರೆದರು. ನಂತರ ಶಫೀಕನಿಗೆ ಬಯ್ದರು: ಕತ್ತೆ, ಇದನ್ನು ಕೇಳಲು ಬಂದೆಯಾ, ಟಿಕೆಟು ಮಾಡು ಎಂದು. ಬಾಯಲ್ಲಿ ಸೂಜಿ ಇಲ್ಲದಿದ್ದರೂ ಅಂದಿನ ಬೈಗುಳ ಅಷ್ಟು ಸ್ಪಷ್ಟವಾಗಿರಲಿಲ್ಲ.

ಮಾಲೀಕ ಹೊಸ ಟೈಲರನ್ನು ತಂದ, ಹೈದರಾಬಾದಿನವನು, ಕೈ ಚುರುಕು. ಅದ್ರಾಮಾಕ ಕತ್ತರಿ ಹಿಡಿದು ಇರಲಿ ಎಂದು ಮೂರು ಸಲ ಹೇಳಿದ. ರಿಚರ್ಡ್ ಸ್ಟೂಲಿನಲ್ಲಿ ಕೂತು ಹೇಳಿದ, ನಾನು ನಿಂತು ಹೇಳಿದೆ.

"ಗಂಟು ಹಾಕಿದ್ದು ನಾನು ಬಾಯಮ್ಮ. ಬಿಚ್ಚುದು ಹೇಗೆ?"

"ಅದು ಸಣ್ಣ ಲೀಗಿನ ರೂಲ್ ಮಾರಾಯ್ರೆ! ಅಮೆರಿಕದವರೇ ಪೂರ್ತಿ ಒಪ್ಪಲಿಲ್ಲ," ಎಂದ ರಿಚರ್ಡ್.

"ಅವರು ಒಪ್ಪದಿದ್ರೆ ಅವರ ಹಣೆಬರಹ ಪೊರ್ಬುಗಳೇ. ನಾನು ಒಪ್ಪಿದ್ದೇನೆ."

ವೀಸಾ ಕ್ಯಾನ್ಸಲ್ ಆಯಿತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಕೆಳಗಿಂದ ಕೂಗು ಕೇಳಿತು. "ಬಾಯಮ್ಮ, ಆ ಕೋಟು ಉಂಟಾ?"

ಯಾವ ಕೋಟೆಂದು ನಾನು ಕೇಳಲಿಲ್ಲ. ಕಪಾಟಿನ ಒಳಮೂಲೆಯಿಂದ ಎಳೆದು, ನುಸಿಗುಳಿಗೆಯ ವಾಸನೆ ಕೊಡವಿ, ತಗೊಂಡು ಹೋದೆ. ಹೈದರಾಬಾದಿನವನನ್ನು ಮಷಿನಿನಿಂದ ಎಬ್ಬಿಸಿ ಅವರು ಕೂತಿದ್ದರು. ಕಾಲರಿನ ಹೊಲಿಗೆಯನ್ನು ಬೆರಳಿನಿಂದ ತಡವಿ ತಡವಿ ಬ್ಲೇಡಿನಲ್ಲಿ ಬಿಚ್ಚಿದರು. ನನ್ನ ಕೈಗೆ ನೂಲು ಕೊಟ್ಟು, "ಸೂಜಿಗೆ ಹಾಕಿ. ನೀಲಿಯೇ ಅಲ್ವಾ?" ಎಂದರು.

"ನೀಲಿಯೇ."

"ಕಪ್ಪು ಅಲ್ಲ?"

"ಅಲ್ಲ ಅದ್ರಾಮಾಕ."

ಮುಖವನ್ನು ಬಟ್ಟೆಯ ಹತ್ತಿರ ತಂದು, ಪೆಡಲನ್ನು ಮೆಲ್ಲ ಒತ್ತಿ, ಹೊಲಿದರು. ಮುಗಿದ ಮೇಲೆ ಕೋಟನ್ನು ತೋಳುದ್ದ ದೂರ ಹಿಡಿದು ನೋಡಿದರು. ಅವರಿಗೆ ಎಷ್ಟು ಕಂಡಿತೋ ಅವರಿಗೇ ಗೊತ್ತು. ನನಗೆ ಕಂಡಿತು: ಎಡಗಡೆ ಸರಿಯಾಗಿತ್ತು. ಬಲಗಡೆ ಒಂದು ಚೂರು ಮೇಲೆ ಹೋಗಿತ್ತು.

"ಈಗ ಸರಿ ಉಂಟಲ್ಲ?"

"ಈಗ ಸರಿ ಉಂಟು," ಎಂದೆ. ಸುಮ್ಮನಿರಲಾಗದೆ, "ಹೊರಗೆ ಹೋದವ ಒಳಗೆ ಬರ್ಲಿಕ್ಕಿಲ್ಲ ಅಂತಿತ್ತಲ್ಲ?" ಎಂದೂ ಕೇಳಿದೆ.

"ಸೀಸನ್ ಮುಗಿದ ಮೇಲೆ ಎಂತ ರೂಲ್ಸ್ ಬಾಯಮ್ಮ," ಎಂದು ಕೋಟಿಗೆ ತಾವೇ ಇಸ್ತ್ರಿ ಹಾಕಿ ಕೊಟ್ಟರು.

ಈಗ ದೇರಳಕಟ್ಟೆಯಿಂದ ರಿಚರ್ಡನಿಗೆ ಧ್ವನಿಸಂದೇಶಗಳು ಬರುತ್ತವೆ. ಇತ್ತೀಚಿನ ಮತ ಹೀಗಿದೆ: ಡಿ.ಎಚ್. ಏನು ಬೇಕಾದರೂ ಆಗಲಿ, ಹೊರಗೆ ಹೋದ ಆಟಗಾರನನ್ನು ಒಂದು ಸಲ, ಒಂದೇ ಒಂದು ಸಲ, ಒಳಗೆ ಕರೆಯಲು ಬಿಡಬಹುದು. ಅದರಿಂದ ಆಟ ಹಾಳಾಗುವುದಿಲ್ಲ. ಹಿಂದೆ ಕೋಳಿ ಕೂಗುವುದು, ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತದೆ. ಖಂಡಿತ ಬಿಡಬಾರದು ಎಂದು ರಿಚರ್ಡ್ ಉತ್ತರ ಕಳುಹಿಸುತ್ತಾನೆ. ಬಿಡಬಹುದು ಎಂದರೆ ಮರುದಿನ ಸಂದೇಶ ಬರಲಿಕ್ಕಿಲ್ಲ ಎಂದು ಅವನಿಗೆ ಹೆದರಿಕೆ.

ಮೊನ್ನೆ ಗಾಳಿ ಎದ್ದ ದಿನ ಕೋಟು ಹಾಕಿಕೊಂಡು ಅಂಗಡಿಗೆ ಹೋಗಿದ್ದೆ. ಹೈದರಾಬಾದಿನವನ ಕಣ್ಣು ನನ್ನ ಬಲಭುಜದ ಮೇಲೆ ನಿಂತಿತು. ಒಳ್ಳೆಯ ಕೆಲಸಗಾರ, ತಡೆಯಲಾಗಲಿಲ್ಲ. "ಮೇಡಂ, ಕಾಲರು ಸೊಟ್ಟ ಇದೆ. ಐದು ನಿಮಿಷ ಕೊಡಿ, ಸರಿ ಮಾಡ್ತೀನಿ," ಎಂದು ಹಿಂದಿಯಲ್ಲಿ ಹೇಳಿ ಕೈ ಚಾಚಿದ.

ಬೇಡ ಎಂದೆ. ಈ ಕೋಟಿಗೆ ಇನ್ನು ಯಾರನ್ನೂ ಇಳಿಸುವ ಹಾಗಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಅವನು ಕ್ರಿಕೆಟ್ಟಿನವನು. ನನ್ನ ಭುಜವನ್ನು ಇನ್ನೊಮ್ಮೆ ಕನಿಕರದಿಂದ ನೋಡಿ ಮುಂದಿನ ಗಿರಾಕಿಯ ಅಳತೆ ತೆಗೆಯಲು ಹೋದ.